ಅಪ್‌ಡೇಟ್: ಸ್ಟಾರ್ಟ್‌ಅಪ್‌ನಲ್ಲಿ ಬರುತ್ತಿದ್ದ ರನ್‌ಡಿಎಲ್‌ಎಲ್ ದೋಷಸಂದೇಶ ನಿಂತಿದೆ

ಪ್ರಿಂಟರ್‌ನ ತಂತ್ರಾಂಶವನ್ನೂ ಒಂದು ಉಚಿತ ವಿಡಿಯೋ ಕನ್ವರ್ಟರನ್ನೂ ಇನ್‌ಸ್ಟಾಲ್ ಮಾಡಿದ ಬಳಿಕ, ವಿಂಡೋಸ್ ಶುರುವಾದಾಗಲೆಲ್ಲ ‘ಮಾಡ್ಯೂಲ್ ಸಿಗಲಿಲ್ಲ’ ಎಂಬ ರನ್‌ಡಿಎಲ್‌ಎಲ್ (ಡಿಎಲ್‌ಎಲ್, ಅಂದರೆ ಪ್ರೋಗ್ರಾಮ್‌ಗಳು ಬಳಸುವ ಕೋಡ್ ಇರುವ ಫೈಲುಗಳನ್ನು ಚಾಲೂ ಮಾಡುವ ವಿಂಡೋಸ್‌ನ ಭಾಗ) ಸಂದೇಶ ಎರಡೆರಡು ಬಾರಿ ಬರುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು, ಸಮಸ್ಯೆ ಬಗೆಹರಿದಿದೆ.

ಆಂಟಿವೈರಸ್‌ನ ಕ್ವಾರಂಟೈನ್ (ಅನುಮಾನ ಬಂದ ಫೈಲುಗಳನ್ನು ಬೇರೆಯಾಗಿ ಎತ್ತಿಡುವ ಜಾಗ) ಪಟ್ಟಿಯನ್ನು ನೋಡಿ ಎಂದವರ ಊಹೆಯೇ ಸರಿಯಾಗಿತ್ತು. ಎರಡೂ ಪ್ರೋಗ್ರಾಮ್‌ಗಳ ಒಂದೊಂದು ಡಿಎಲ್‌ಎಲ್ ಫೈಲ್ ಅಲ್ಲಿತ್ತು. ಆಂಟಿವೈರಸ್ ಫೈಲನ್ನು ಎತ್ತಿಟ್ಟಿತ್ತೇ ಹೊರತು, ಲಾಗಿನ್ ಆದಾಗ ಅದನ್ನು ಚಾಲೂ ಮಾಡುವಂತೆ ರಿಜಿಸ್ಟ್ರಿಯ (ವಿಂಡೋಸ್‌ನ ಸೆಟ್ಟಿಂಗ್‌ಗಳ ಸಂಗ್ರಹ) ರನ್ ಕೀಯಲ್ಲಿಯೂ ಟಾಸ್ಕ್ ಶೆಡ್ಯೂಲರ್‌ನಲ್ಲಿಯೂ (ನಿಗದಿಯಾದಾಗ ಪ್ರೋಗ್ರಾಮ್ ಚಾಲೂ ಮಾಡುವ ಸೌಲಭ್ಯ) ಇದ್ದ ನಮೂದುಗಳನ್ನು ಮುಟ್ಟಿರಲಿಲ್ಲ. ಹಾಗಾಗಿ ವಿಂಡೋಸ್ ಇಲ್ಲದ ಫೈಲನ್ನು ಹುಡುಕಿ ಸೋಲುತ್ತಿತ್ತು.

ಪ್ರಿಂಟರ್‌ನದು ಸುಳ್ಳು ಪತ್ತೆ, ಅಂದರೆ ಅಪಾಯವಿಲ್ಲದ ಫೈಲನ್ನು ಆಂಟಿವೈರಸ್ ತಪ್ಪಾಗಿ ಹಿಡಿದದ್ದು ಎಂದು ತೋರುತ್ತದೆ. ತಯಾರಕರ ತಾಣದಿಂದ ಇನ್‌ಸ್ಟಾಲರನ್ನು ಮತ್ತೆ ಇಳಿಸಿಕೊಂಡು, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ (ಫೈಲು ತಯಾರಕರದ್ದೇ ಎಂದು ತೋರಿಸುವ ಗುರುತು) ಸಿಂಧುವಾಗಿರುವುದನ್ನು ಖಚಿತಪಡಿಸಿಕೊಂಡು, ಆಂಟಿವೈರಸ್‌ನ ಡೆಫಿನಿಷನ್‌ಗಳನ್ನು (ವೈರಸ್‌ಗಳನ್ನು ಗುರುತಿಸುವ ಮಾಹಿತಿ) ಅಪ್‌ಡೇಟ್ ಮಾಡಿದ ಮೇಲೆ ಮರುಇನ್‌ಸ್ಟಾಲ್ ಮಾಡಿದಾಗ ಯಾವ ತಕರಾರೂ ಬರಲಿಲ್ಲ.

ಕನ್ವರ್ಟರ್‌ನ ಕಥೆ ಬೇರೆ. ಅದರ ಫೈಲಿಗೆ ಸಹಿಯೇ ಇರಲಿಲ್ಲ, ಜೊತೆಗೆ ಜಾಹೀರಾತು ತೋರಿಸುವ ಟೂಲ್‌ಬಾರ್ ಒಂದನ್ನೂ ತಂದಿತ್ತು. ಆದ್ದರಿಂದ ಅದನ್ನು ರಿಸ್ಟೋರ್ ಮಾಡದೆ ಅನ್‌ಇನ್‌ಸ್ಟಾಲ್ ಮಾಡಿದೆ. ಆದರೂ ಶೆಡ್ಯೂಲರ್‌ನ ನಮೂದು ಉಳಿದುಕೊಂಡಿತು. ವಿಂಡೋಸ್ ಜೊತೆ ತಾನಾಗಿಯೇ ಶುರುವಾಗುವವನ್ನು ಪಟ್ಟಿ ಮಾಡುವ ಮೈಕ್ರೋಸಾಫ್ಟ್‌ನ ಆಟೋರನ್ಸ್ ಉಪಕರಣವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ, ಫೈಲ್ ಕಾಣೆಯಾದ ನಮೂದುಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ. ಸಂದೇಶದಲ್ಲಿದ್ದ ಫೈಲಿನ ಹೆಸರಿಗೆ ಹೊಂದುವ ಸಾಲಿನ ಟಿಕ್ ತೆಗೆದು, ರೀಸ್ಟಾರ್ಟ್ ಮಾಡಿ, ಸಂದೇಶ ಬಾರದಿರುವುದನ್ನು ನೋಡಿದ ನಂತರವೇ ಅಳಿಸಿದೆ. ಹಳದಿಯೆಲ್ಲವನ್ನೂ ಒಟ್ಟಿಗೆ ಅಳಿಸುವುದು ಬೇಡ.

ಆಂಟಿವೈರಸನ್ನೇ ಆಫ್ ಮಾಡಿ ಎಂಬ ಸಲಹೆಯನ್ನು ಪಾಲಿಸಲಿಲ್ಲ. ಅದರಿಂದ ಉಳಿದ ನಮೂದು ಹೋಗುತ್ತಲೂ ಇರಲಿಲ್ಲ.