ಅಪ್‌ಡೇಟ್: ಅಪ್ಪನ ಹಳೇ ಕಂಪ್ಯೂಟರಲ್ಲಿ ಕೊನೆಗೂ ಜಾಗ ಆಯ್ತು

ಬಸವನಗುಡಿ ಮನೆಯ ವಿಂಡೋಸ್ 10 ಕಂಪ್ಯೂಟರಿನ ಸಿ ಡ್ರೈವ್ ತುಂಬಿ ಕೆಂಪಾಗಿದೆ, ಒಂದು ಫೋಟೋನೂ ಹೋಗದ ಹಾಗೆ ಜಾಗ ಮಾಡೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ಕೆಲಸ ಆಯ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಕ್ಲೀನಪ್ ಅನ್ನೋ ಟೂಲ್ ಸುಮ್ನೆ ಓಡಿಸಿದರೆ ಸಿಗೋದು ಸ್ವಲ್ಪವೇ. ಅದರೊಳಗೆ 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಅಂತ ಬಟನ್ ಇದೆ, ಅದನ್ನು ಒತ್ತಿದ ಮೇಲೇ ಹಳೇ ಅಪ್‌ಡೇಟ್‌ಗಳ ಕಸವೆಲ್ಲ ಪಟ್ಟಿಗೆ ಬಂತು. ಒಂದು ಎಚ್ಚರಿಕೆ: ಕೆಲವು ವರ್ಷನ್‌ಗಳಲ್ಲಿ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತೆ, ನೋಡದೆ ಟಿಕ್ ಹಾಕಬೇಡಿ. ಅಮ್ಮ ಇಳಿಸಿಕೊಂಡಿದ್ದ ಆಸ್ತಿ ತೆರಿಗೆ ರಸೀದಿ, ಕರೆಂಟ್ ಬಿಲ್ ಎಲ್ಲಾ ಅಲ್ಲೇ ಇದ್ದವು.

ನನಗೆ ಗೊತ್ತೇ ಇರದಿದ್ದ ವಿಷಯ ಹೈಬರ್ನೇಷನ್ ಫೈಲ್, ಅಂದರೆ ಶಟ್‌ಡೌನ್ ಬದಲು ಹೈಬರ್ನೇಟ್ ಮಾಡಿದಾಗ ತೆರೆದಿದ್ದ ಕೆಲಸವನ್ನು ವಿಂಡೋಸ್ ಉಳಿಸಿಡೋ ಫೈಲ್. ವಿಂಡೋಸ್ 10 ಸಾಮಾನ್ಯವಾಗಿ ರ‍್ಯಾಮ್‌ನ ಸುಮಾರು 40% ಅಷ್ಟು ಜಾಗವನ್ನು ಅದಕ್ಕೇ ಇಡುತ್ತೆ, ಅಂದರೆ ನಮ್ಮ 8 ಜಿಬಿಗೆ 3 ಜಿಬಿಗೂ ಜಾಸ್ತಿ. ಅಪ್ಪ ಯಾವಾಗಲೂ ಶಟ್‌ಡೌನ್ ಮಾಡೇ ಏಳುತ್ತಾರೆ, ಹಾಗಾಗಿ ಹೈಬರ್ನೇಷನ್ ಆಫ್ ಮಾಡಿದೆ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತೆ, ಆನ್ ಆಗೋದು ಸ್ವಲ್ಪ ನಿಧಾನ. ಪರವಾಗಿಲ್ಲ ಅಂದರು.

ಫೋಟೋಗಳಿಗೆ ಎಸ್‌ಪಿ ರೋಡಲ್ಲಿ ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಂದು, ಎರಡರಲ್ಲೂ ಕಾಪಿ ಮಾಡಿ, ಅಲ್ಲಲ್ಲಿ ತೆರೆದು ನೋಡಿದ ಮೇಲೇ ಇಲ್ಲಿಂದ ಅಳಿಸಿದ್ದು. ಅಜ್ಜಿ ಇರುವ ಫೋಟೋಗಳು ಬೇರೆಲ್ಲೂ ಇಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ (ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಬ್ಯಾಂಕ್ ಕೆಲಸ ಇದರಲ್ಲಿ ಬೇಡ ಅಂತ ಅಪ್ಪನಿಗೆ ಹೇಳಿದ್ದೇನೆ.