ಸಬ್‌ಸ್ಟೇಷನ್ ಪಕ್ಕದ ಮನೆ: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ:
ನಮಸ್ಕಾರ ಸರ್. ಬೆಂಗಳೂರಿನ ಪಶ್ಚಿಮ ಭಾಗದ ಹಳೆಯ ಬಿಡಿಎ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ನಿವೇಶನದಲ್ಲಿರುವ ಎರಡಂತಸ್ತಿನ ಮನೆಯನ್ನು ಕೊಳ್ಳಬೇಕೆಂದಿದ್ದೇವೆ. ಮನೆಯ ಹಿಂಬದಿಯ ಕಾಂಪೌಂಡಿಗೆ ಹೊಂದಿಕೊಂಡೇ 66 ಕೆ.ವಿ. ಸಬ್‌ಸ್ಟೇಷನ್ ಇದೆ. ಸುತ್ತಲಿನ ಮನೆಗಳಿಗೆ ಹೋಲಿಸಿದರೆ ಬೆಲೆ ಕಡಿಮೆ. ಆದರೆ ನಮಗೆ ಎರಡು ವರ್ಷದ ಮಗಳಿದ್ದಾಳೆ. ವಿದ್ಯುತ್ತಿನ ವಿಕಿರಣದಿಂದ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ ಎಂದು ನಮ್ಮತ್ತೆಯವರು ಬೇಡವೆನ್ನುತ್ತಿದ್ದಾರೆ. ಮಧ್ಯವರ್ತಿಯಂತೂ ಇಲ್ಲಿ ಕರೆಂಟು ಹೋಗುವುದೇ ಇಲ್ಲವೆಂದು ಹೊಗಳುತ್ತಿದ್ದಾರೆ. ದಯವಿಟ್ಟು ಮಾರ್ಗದರ್ಶನ ಮಾಡಿ.

ಉತ್ತರ (ವಿದ್ಯುತ್ ಪ್ರಸರಣ ವಿಭಾಗದ ನಿವೃತ್ತ ಎಂಜಿನಿಯರ್):
ನಮಸ್ಕಾರ ಮೇಡಂ. ನಿಮ್ಮ ಅತ್ತೆಯವರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಹಾಗಾಗಿ ಅದರಿಂದಲೇ ಆರಂಭಿಸುತ್ತೇನೆ. ಸಬ್‌ಸ್ಟೇಷನ್ನಿನಿಂದ ಹೊರಬರುವುದು ಎಕ್ಸ್‌ರೇಯಂತಹ ವಿಕಿರಣವಲ್ಲ. ಅದು 50 ಹರ್ಟ್ಸ್‌ನಲ್ಲಿ ಬದಲಾಗುವ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ವಿದ್ಯುತ್ ಕ್ಷೇತ್ರವನ್ನು ಗೋಡೆ, ಮರಗಳು ಬಹುಪಾಲು ತಡೆಯುತ್ತವೆ. ಕಾಂತಕ್ಷೇತ್ರವನ್ನು ಇಟ್ಟಿಗೆ ಗೋಡೆ ತಡೆಯುವುದಿಲ್ಲ, ಅದು ಕಡಿಮೆಯಾಗುವುದು ದೂರದಿಂದ ಮಾತ್ರ. ಇಂತಹ ಕ್ಷೇತ್ರಗಳ ಮಿತಿಯನ್ನು ಸೂಚಿಸುವ ಅಂತರರಾಷ್ಟ್ರೀಯ ಆಯೋಗವು 2010ರಲ್ಲಿ ಸಾರ್ವಜನಿಕರಿಗೆ 200 ಮೈಕ್ರೋಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ) ಎಂಬ ಮಟ್ಟವನ್ನು ಹೇಳಿದೆ. ಸಾಮಾನ್ಯ 66 ಕೆ.ವಿ. ಕೇಂದ್ರದ ಬೇಲಿಯ ಹೊರಗೆ ಅಳೆದರೆ ಸಿಗುವುದು ಇದಕ್ಕಿಂತ ಎಷ್ಟೋ ಪಾಲು ಕಡಿಮೆ.

ಆದರೂ ಮಾತು ಅಲ್ಲಿಗೇ ಮುಗಿಯಿತೆಂದು ನಾನು ಹೇಳಲಾರೆ. ಮಕ್ಕಳ ರಕ್ತದ ಕ್ಯಾನ್ಸರ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನೆಯೊಳಗೆ ದೀರ್ಘಕಾಲದ ಸರಾಸರಿ 0.3–0.4 ಮೈಕ್ರೋಟೆಸ್ಲಾ ಮೀರಿದ ಕಡೆಗಳಲ್ಲಿ ರೋಗದ ಪ್ರಮಾಣ ಸ್ವಲ್ಪ ಹೆಚ್ಚಿದ್ದದ್ದು ಕಂಡುಬಂತು. ಕಾರಣ ಮತ್ತು ಪರಿಣಾಮದ ನಂಟು ಸಾಬೀತಾಗಿಲ್ಲ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2002ರಲ್ಲಿ ಈ ಕಾಂತಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇದೆ’ ಎಂಬ 2ಬಿ ಗುಂಪಿನಲ್ಲಿ ಇಟ್ಟಿತೇ ಹೊರತು, ಖಚಿತ ಕಾರಕಗಳ ಪಟ್ಟಿಗೆ ಸೇರಿಸಲಿಲ್ಲ. ಹಾಗಾಗಿ ಊಹೆ ಬೇಡ, ಅಳತೆ ಮಾಡಿಸಿ. ಮಗಳು ಮಲಗುವ ಕೋಣೆಯಲ್ಲಿ, ಹಾಸಿಗೆಯ ಎತ್ತರದಲ್ಲಿ, ಮನೆಯ ಮೇನ್ ಸ್ವಿಚ್ ಆರಿಸಿ ಒಮ್ಮೆ, ಹಾಕಿ ಒಮ್ಮೆ ಅಳೆಯಬೇಕು. ಊರಿನ ಗೀಸರುಗಳೆಲ್ಲ ಉರಿಯುವ ಬೆಳಗಿನ ಹೊತ್ತಿನಲ್ಲಿ ಅಳೆದರೆ ಹೆಚ್ಚಿನ ಮಟ್ಟವೇ ಸಿಗುತ್ತದೆ. ಮಧ್ಯಾಹ್ನದ ಒಂದೇ ಅಳತೆಯನ್ನು ನಂಬಬೇಡಿ.

ಇಲ್ಲಿ ಬಹಳ ಮಂದಿ ತಪ್ಪು ದಿಕ್ಕಿನಲ್ಲಿ ನೋಡುತ್ತಾರೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಕಣ್ಣಿಗೆ ಭಯಂಕರವಾಗಿ ಕಂಡರೂ ಅದರ ಕಾಂತಕ್ಷೇತ್ರ ಕೆಲವೇ ಮೀಟರುಗಳಲ್ಲಿ ಕುಸಿಯುತ್ತದೆ. ಬೇಲಿಯ ಹೊರಗಿನ ಕ್ಷೇತ್ರಕ್ಕೆ ಮುಖ್ಯ ಕಾರಣ ಕೇಂದ್ರಕ್ಕೆ ಬರುವ 66 ಕೆ.ವಿ. ಲೈನುಗಳು ಮತ್ತು ಅಲ್ಲಿಂದ ಹೊರಡುವ 11 ಕೆ.ವಿ. ಫೀಡರುಗಳು, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರುಗಳಿಗೆ ಕರೆಂಟು ಒಯ್ಯುವ ಲೈನುಗಳು. ನೆಲದಡಿಯ ಕೇಬಲ್ಲಾದರೆ ಚಿಂತೆಯಿಲ್ಲ ಎಂದುಕೊಳ್ಳುವುದೂ ಸರಿಯಲ್ಲ: ಕೇಬಲ್ಲಿನ ನೇರ ಮೇಲೆ ಕಾಂತಕ್ಷೇತ್ರ ಮೇಲ್ತಂತಿಯ ಕೆಳಗಿನದಕ್ಕಿಂತ ಹೆಚ್ಚಿರಬಹುದು, ಆದರೆ ಪಕ್ಕಕ್ಕೆ ಸರಿದಂತೆ ಬೇಗನೆ ಇಳಿಯುತ್ತದೆ. ಆದ್ದರಿಂದ ಲೈನುಗಳು ಕೇಂದ್ರವನ್ನು ಯಾವ ದಿಕ್ಕಿನಿಂದ ಸೇರುತ್ತವೆ, ಕೇಬಲ್ ಮಾರ್ಗದ ಗುರುತುಕಲ್ಲುಗಳು ಎಲ್ಲಿವೆ ಎಂಬುದನ್ನು ನಡೆದುಕೊಂಡೇ ಹೋಗಿ ನೋಡಿ. ನೀವು ನೋಡಿರುವ ಮನೆಗಿಂತ ಎದುರು ಬೀದಿಯ ಮನೆಗೇ ಲೈನು ಹತ್ತಿರವಿರಬಹುದು.

ಲೈನಿನ ವಿಚಾರದಲ್ಲಿ ಅಂತರವೂ ಮುಖ್ಯ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ 66 ಕೆ.ವಿ. ತಂತಿಗೂ ಕಟ್ಟಡಕ್ಕೂ ಮೇಲ್ಮುಖವಾಗಿ 4 ಮೀಟರ್, ಪಕ್ಕಕ್ಕೆ 2.3 ಮೀಟರ್ ಅಂತರ ಇರಲೇಬೇಕು. ಪಕ್ಕದ ಅಂತರವನ್ನು ತಂತಿ ಗಾಳಿಗೆ ಓಲಾಡಿ ಹತ್ತಿರ ಬಂದಾಗಿನ ಸ್ಥಿತಿಯಲ್ಲಿ ಲೆಕ್ಕ ಹಾಕಬೇಕು. ಇದು ಕನಿಷ್ಠ ಮಾತ್ರ. ಹೊಸ ಮಾರ್ಗ ಎಳೆಯುವಾಗ 66 ಕೆ.ವಿ.ಗೆ ಸಾಮಾನ್ಯವಾಗಿ 18 ಮೀಟರ್ ಅಗಲದ ಪಟ್ಟಿಯನ್ನು ಬಿಡುತ್ತಾರೆ. ಮುಂದೆ ಇನ್ನೊಂದು ಅಂತಸ್ತು ಏರಿಸುವ ಆಸೆ ಇದ್ದರೆ ಈಗಲೇ ಯೋಚಿಸಿ. ತಾರಸಿಯಲ್ಲಿ ಕಬ್ಬಿಣದ ಸರಳನ್ನು ಎತ್ತಿ ನಿಲ್ಲಿಸುವ ಕೆಲಸಗಾರನಿಗೆ ತಂತಿ ಮುಟ್ಟಲೇಬೇಕೆಂದಿಲ್ಲ, ತೀರ ಸಮೀಪಿಸಿದರೂ ಕಿಡಿ ಹಾರಿ ಜೀವ ಹೋಗುತ್ತದೆ.

ನನ್ನ ಅನುಭವದಲ್ಲಿ ಇಂತಹ ಮನೆಗಳವರು ಕೊನೆಗೆ ದೂರುವುದು ಸದ್ದನ್ನು. ಟ್ರಾನ್ಸ್‌ಫಾರ್ಮರಿನೊಳಗಿನ ಉಕ್ಕಿನ ತಗಡುಗಳು ಸೆಕೆಂಡಿಗೆ ನೂರು ಬಾರಿ ಹಿಗ್ಗಿ ಕುಗ್ಗುವುದರಿಂದ ಏಳುವ ಗುಂಯ್ ಸದ್ದು ವೋಲ್ಟೇಜನ್ನು ಅವಲಂಬಿಸಿರುವ ಕಾರಣ, ರಾತ್ರಿ ಲೋಡ್ ಇಳಿದರೂ ಅದು ಇಳಿಯುವುದಿಲ್ಲ. ಬೀದಿ ನಿಶ್ಶಬ್ದವಾದಷ್ಟೂ ಎದ್ದು ಕೇಳಿಸುತ್ತದೆ. ಲೋಡ್ ಹೆಚ್ಚಾದಾಗ ತಂಪುಕಾರಿ ಫ್ಯಾನುಗಳ ಸದ್ದು ಬೇರೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್ ಎಂದಿದೆ, ಆದರೆ ತಗ್ಗು ಸ್ಥಾಯಿಯ ಈ ಸದ್ದು ಮೀಟರಿನಲ್ಲಿ ಕಡಿಮೆ ತೋರಿಸಿಯೂ ಕಿಟಕಿ ಮುಚ್ಚಿದ ಕೋಣೆಯೊಳಗೆ ಕಾಡಬಲ್ಲದು. ಮಾಲೀಕರ ಅನುಮತಿ ಪಡೆದು ರಾತ್ರಿ ಹನ್ನೊಂದರ ನಂತರ ಹಿಂಬದಿಯ ಕೋಣೆಯಲ್ಲಿ ಕುಳಿತು ಕೇಳಿ. ನಿಮ್ಮವರಲ್ಲಿ ನಿದ್ದೆ ಸೂಕ್ಷ್ಮವಿರುವವರು ಜೊತೆಗಿರಲಿ.

ಮಧ್ಯವರ್ತಿಯ ಮಾತು ಸರಿಯಲ್ಲ. ನಿಮ್ಮ ಮನೆಗೆ ಕರೆಂಟು ಬರುವುದು ಬೀದಿಯ ಟ್ರಾನ್ಸ್‌ಫಾರ್ಮರಿನಿಂದ, ಅದಕ್ಕೆ ಬರುವುದು ಯಾವುದೋ ಒಂದು 11 ಕೆ.ವಿ. ಫೀಡರಿನಿಂದ. ಆ ಫೀಡರು ಕೆಟ್ಟರೆ ಸಬ್‌ಸ್ಟೇಷನ್ ಪಕ್ಕದಲ್ಲಿದ್ದರೂ ಕತ್ತಲೆಯೇ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು):
ಸರ್, ಮೊಬೈಲಿನ ಆ್ಯಪ್‌ನಲ್ಲಿ ಅಳೆದಾಗ ನಮ್ಮ ಮನೆಯಲ್ಲಿ 42 ಮೈಕ್ರೋಟೆಸ್ಲಾ ತೋರಿಸಿತು. ನಮ್ಮ ಸುತ್ತ ಯಾವ ಸಬ್‌ಸ್ಟೇಷನ್ನೂ ಇಲ್ಲ!

ಉತ್ತರ:
ಅದು ಭೂಮಿಯ ಸ್ವಂತ ಕಾಂತಕ್ಷೇತ್ರ. ಬೆಂಗಳೂರಿನಲ್ಲಿ ಅದು ಸುಮಾರು 40ರ ಆಸುಪಾಸಿನಲ್ಲೇ ಇರುತ್ತದೆ, ಸ್ಥಿರವಾದದ್ದು. ಮೊಬೈಲಿನಲ್ಲಿರುವುದು ದಿಕ್ಸೂಚಿಯ ಸಂವೇದಕ. 50 ಹರ್ಟ್ಸ್‌ನ ಕ್ಷೇತ್ರವನ್ನು ಅದರಿಂದ ನಂಬುವಂತೆ ಅಳೆಯಲಾಗುವುದಿಲ್ಲ. ಅದಕ್ಕೆಂದೇ ಇರುವ ಗಾಸ್‌ಮೀಟರ್ ಬೇಕು. ಅದು ಮಿಲಿಗಾಸ್‌ನಲ್ಲಿ ತೋರಿಸಿದರೆ ಹತ್ತರಿಂದ ಭಾಗಿಸಿ, ಮೈಕ್ರೋಟೆಸ್ಲಾ ಸಿಗುತ್ತದೆ.

ಮರುಪ್ರಶ್ನೆ (ಮೊದಲು ಕೇಳಿದವರು):
ತುಂಬ ಧನ್ಯವಾದಗಳು ಸರ್. ಈಗಿನ ಮಾಲೀಕರು ಸಬ್‌ಸ್ಟೇಷನ್ನಿನ ತಂತಿಬೇಲಿಗೆ ಕಬ್ಬಿಣದ ಸರಪಳಿ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಾರೆ. ಅದರಿಂದ ತೊಂದರೆ ಉಂಟೇ? ಕಾಗದಪತ್ರಗಳಲ್ಲಿ ಏನು ನೋಡಬೇಕು?

ಉತ್ತರ:
ಆ ಸರಪಳಿಯನ್ನು ಮೊದಲು ತೆಗೆಸಿ ಮೇಡಂ. ಸ್ವಿಚ್‌ಯಾರ್ಡಿನ (ಬೇಲಿಯೊಳಗೆ ಉಪಕರಣಗಳಿರುವ ಅಂಗಳ) ನೆಲದಡಿ ಅರ್ಥಿಂಗ್ ಜಾಲವೊಂದಿರುತ್ತದೆ, ಬೇಲಿಯನ್ನೂ ಅರ್ಥ್ ಮಾಡಿರುತ್ತಾರೆ. ಎಲ್ಲೋ ಲೈನಿನಲ್ಲಿ ದೋಷವಾದ ಕ್ಷಣದಲ್ಲಿ ಆ ಜಾಲದ ವೋಲ್ಟೇಜು ಏರುತ್ತದೆ. ಅಲ್ಲಿ ಕೆಲಸ ಮಾಡುವವರ ಕಾಲಡಿ ದಪ್ಪ ಜಲ್ಲಿ ಹಾಸಿರುವುದು ಆ ವೋಲ್ಟೇಜಿನಿಂದ ಅವರಿಗೆ ಶಾಕ್ ಹೊಡೆಯದಿರಲೆಂದೇ. ನಿಮ್ಮ ಅಂಗಳದಲ್ಲಿ ಆ ಜಲ್ಲಿ ಇಲ್ಲ. ಸರಪಳಿಯ ಮೂಲಕ ಆ ವೋಲ್ಟೇಜು ಒದ್ದೆ ಬಟ್ಟೆ ಹಿಡಿದವರ ಕೈಗೆ ಬರಬಹುದು. ಗ್ರಿಲ್, ನೀರಿನ ಪೈಪು, ಕಬ್ಬಿಣದ ಗೇಟು ಯಾವುದೂ ಆ ಬೇಲಿಯನ್ನು ತಾಗಬಾರದು. ಬೋರ್‌ವೆಲ್ ಕೊರೆಸುವುದಾದರೂ ಆ ಬದಿಯಿಂದ ದೂರವಿರಲಿ.

ಕಾಗದಪತ್ರದಲ್ಲಿ ಕ್ರಯಪತ್ರದ ಚೆಕ್ಕುಬಂದಿಯನ್ನು ಸ್ಥಳದ ಅಳತೆಯೊಂದಿಗೆ ಹೋಲಿಸಿ. ಹಿಂಬದಿಯ ಗೋಡೆ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಜಾಗಕ್ಕೆ ಅರ್ಧ ಅಡಿ ಸರಿದಿದ್ದರೂ ಮುಂದೆ ನೋಟಿಸು ನಿಮಗೆ ಬರುತ್ತದೆ. ಮಂಜೂರಾದ ನಕ್ಷೆಯಲ್ಲಿ ಹೈಟೆನ್ಷನ್ ಲೈನನ್ನು ತೋರಿಸಿದ್ದಾರೆಯೇ ಎಂದು ವಕೀಲರಿಂದ ಪರಿಶೀಲಿಸಿ, ಸಾಲ ಕೊಡುವ ಬ್ಯಾಂಕಿಗೂ ಈ ಸಂಗತಿಯನ್ನು ಮೊದಲೇ ತಿಳಿಸಿ. ಇನ್ನು ಸ್ವಿಚ್‌ಯಾರ್ಡಿನಲ್ಲಿ ಖಾಲಿ ಅಡಿಪಾಯ ಕಾಣುತ್ತಿದೆಯೇ ನೋಡಿ. ಅದು ಮುಂದೆ ಬರಲಿರುವ ಟ್ರಾನ್ಸ್‌ಫಾರ್ಮರಿನ ಜಾಗ. ನಿಮ್ಮ ಗೋಡೆಯ ಬದಿಗೇ ಅದಿದ್ದರೆ ಇಂದು ಕೇಳಿದ ಸದ್ದು, ಇಂದು ಅಳೆದ ಮಟ್ಟ ಎರಡೂ ಹಾಗೇ ಉಳಿಯುವುದಿಲ್ಲ. ವಿಸ್ತರಣೆಯ ಪ್ರಸ್ತಾವ ಇದೆಯೇ ಎಂದು ಮಾಹಿತಿ ಹಕ್ಕಿನಡಿ ಕೆಪಿಟಿಸಿಎಲ್‌ಗೆ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಅಲ್ಲಿಯವರೆಗೆ ದೊಡ್ಡ ಮೊತ್ತದ ಮುಂಗಡ ಕೊಡಬೇಡಿ.