‘ಯುಎಸ್‌ಎಸ್‌ಆರ್ ಇನ್ ಕನ್‌ಸ್ಟ್ರಕ್ಷನ್’: ಹಳೇ ಸಂಚಿಕೆ ಅಸಲಿಯೋ, ಮರುಮುದ್ರಣವೋ?

ಹಳೇಪುಟ: ಸೋವಿಯತ್ ಪ್ರಚಾರ ಪತ್ರಿಕೆ ‘ಯುಎಸ್‌ಎಸ್‌ಆರ್ ಇನ್ ಕನ್‌ಸ್ಟ್ರಕ್ಷನ್’ನ 1933ರ 12ನೇ ಸಂಚಿಕೆ, ರಷ್ಯಾದ ಬಿಳಿಸಮುದ್ರ–ಬಾಲ್ಟಿಕ್ ಕಾಲುವೆಯ ಬಗ್ಗೆ ಇರುವುದು, ಮಾರಾಟಕ್ಕಿದೆ. ಪೂರ್ತಿ ಇಂಗ್ಲಿಷಿನಲ್ಲಿದೆ. ಸೋವಿಯತ್ ಪತ್ರಿಕೆ ಇಂಗ್ಲಿಷಿನಲ್ಲಿದ್ದರೆ ಅನುಮಾನ ಪಡಬೇಕಾ?

ಮಸಿಡಬ್ಬಿ: ಭಾಷೆ ನೋಡಿ ಅನುಮಾನ ಬೇಡ. 1930ರಲ್ಲಿ ಲೇಖಕ ಗೋರ್ಕಿ ಮುತುವರ್ಜಿಯಿಂದ ಶುರುವಾದ ಈ ಮಾಸಿಕ ರಷ್ಯನ್ ಜೊತೆಗೆ ಇಂಗ್ಲಿಷ್, ಜರ್ಮನ್, ಫ್ರೆಂಚಿನಲ್ಲೂ ಬರುತ್ತಿತ್ತು. ಹೊರದೇಶದವರನ್ನು ಒಲಿಸುವುದೇ ಉದ್ದೇಶ ತಾನೇ! ಅಸಲಿ ಪ್ರತಿ ಗ್ರ್ಯಾವ್ಯೂರ್ ಮುದ್ರಣ, ಅಂದರೆ ಗುಳಿ ಕೊರೆದ ಉರುಳೆಗೆ ಮಸಿ ತುಂಬಿ ಒತ್ತಿದ್ದು. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಚಿತ್ರದ ಕಪ್ಪು ಭಾಗ ನೋಡಿ: ಮಸಿ ಒಂದಕ್ಕೊಂದು ಕೂಡಿ ಮಖಮಲ್ಲಿನಂತಿರುತ್ತೆ. ತಾಮ್ರದ ಉರುಳೆಯ ಗುಳಿ ಆಳವಿದ್ದಷ್ಟೂ ಮಸಿ ದಪ್ಪ. ಸಣ್ಣದು ದೊಡ್ಡದು ಚುಕ್ಕಿಗಳು ಬಿಡಿಬಿಡಿಯಾಗಿ ಕಂಡರೆ ಆಫ್‌ಸೆಟ್ (ಗುಳಿಯಿಲ್ಲದ ಸಮತಟ್ಟು ಫಲಕದ ಮುದ್ರಣ), ಅಂದರೆ ನಂತರದ ಮರುಮುದ್ರಣ. ಉದ್ದಕ್ಕೂ ಕೂದಲೆಳೆಯಂಥ ಗೀರಿದ್ದರೆ ಹೆದರಬೇಡಿ. ಮಸಿ ಒರೆಸುವ ಅಲಗಿಗೆ ಕಸ ಸಿಕ್ಕಿದರೆ ಹಾಗಾಗುತ್ತೆ.

ಕತ್ತರಿಅಂಟು: ಪುಟಗಳನ್ನು ಎಣಿಸಿಯೇ ದುಡ್ಡು ಕೊಡಿ. ಬಿಚ್ಚಿ ಹರಡುವ ಮಡಿಕೆ ಹಾಳೆಗಳಿರುವ ಸಂಚಿಕೆಗಳಲ್ಲಿ, 1935ರ ಪ್ಯಾರಾಚೂಟ್ ಸಂಚಿಕೆಯಂಥವುಗಳಲ್ಲಿ, ಮಡಿಕೆಯ ಗೆರೆಯಲ್ಲೇ ಮೊದಲು ಹರಿಯುವುದು.

ನೀವು ಕೇಳಿದ ಸಂಚಿಕೆಯ ವಿನ್ಯಾಸ, ಫೋಟೊ ಸೋವಿಯತ್ ಕಲಾವಿದ ರೋಡ್‌ಚೆಂಕೊ ಅವರದ್ದು. 227 ಕಿ.ಮೀ. ಕಾಲುವೆಯನ್ನು ಸುಮಾರು 20 ತಿಂಗಳಲ್ಲಿ ಕೈದಿಗಳಿಂದ ತೋಡಿಸಿದ್ದು, ಸಾವಿರಾರು ಜನ ಸತ್ತರು. ಪತ್ರಿಕೆಯಲ್ಲಿ ಅದು ‘ಮನುಷ್ಯರನ್ನು ತಿದ್ದಿದ’ ಕಥೆ. ಕೈದಿಗಳ ಚಿತ್ರವನ್ನು ಬೇರೆ ಹಿನ್ನೆಲೆಗೆ ಕತ್ತರಿಸಿ ಅಂಟಿಸಿದ ಪುಟಗಳಲ್ಲಿ ಅಂಚನ್ನೂ ನೆರಳಿನ ದಿಕ್ಕನ್ನೂ ಹೋಲಿಸಿ ನೋಡಿ, ಜೋಡಣೆ ಗೊತ್ತಾಗುತ್ತೆ. ಕಾಲುವೆಯ ಆಳ ಬರೀ ಮೂರೂವರೆ ಮೀಟರ್ ಚಿಲ್ಲರೆ, ದೊಡ್ಡ ಹಡಗು ಹೋಗುವಂತಿರಲಿಲ್ಲ.

ಹಳೇಪುಟ: ಮಸೂರ ಹಿಡಿದೇ ಹೋಗ್ತೀನಿ. 1949ರ ಸಂಚಿಕೆಯೂ ಇದೆ ಅಂತಿದಾರೆ, ಅದು?

ಮಸಿಡಬ್ಬಿ: ಇರಬಹುದು. 1941ರಲ್ಲಿ ನಿಂತು, 1949ರಲ್ಲಿ ಮತ್ತೆ ಹೊರಟಿತ್ತು.